ಮ್ಯಾಗ್ನೆಟೈಟ್‌ನ ಲೆಕ್ಕ ಬಿಡಿಸಿದ ಲೂಯಿ ನೆಯೆಲ್

ಮನುಷ್ಯನ ಕೈಗೆ ಮೊದಲು ಸಿಕ್ಕ ಅಯಸ್ಕಾಂತವೆಂದರೆ ಮ್ಯಾಗ್ನೆಟೈಟ್ ಎಂಬ ಕಪ್ಪು ಕಬ್ಬಿಣದ ಅದಿರು. ಸಾವಿರಾರು ವರ್ಷಗಳಿಂದ ಪರಿಚಿತವಾಗಿದ್ದ ಈ ಕಲ್ಲಿಗೆ ಇರುವಷ್ಟೇ ಕಾಂತಬಲ ಏಕಿದೆ, ಅದಕ್ಕಿಂತ ಹೆಚ್ಚು ಏಕಿಲ್ಲ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಸರಿಯಾದ ಉತ್ತರವಿರಲಿಲ್ಲ. ಮ್ಯಾಗ್ನೆಟೈಟ್‌ನ ಅತಿ ಚಿಕ್ಕ ರಾಸಾಯನಿಕ ಘಟಕದಲ್ಲಿ ಕಬ್ಬಿಣದ ಮೂರು ಅಯಾನುಗಳೂ ಆಮ್ಲಜನಕದ ನಾಲ್ಕು ಅಯಾನುಗಳೂ ಇರುತ್ತವೆ. ಕಬ್ಬಿಣದ ಅಯಾನುಗಳಲ್ಲಿ ಎರಡು ಫೆರಿಕ್ ಬಗೆಯವು, ಒಂದು ಫೆರಸ್ ಬಗೆಯದು. ಒಂದೊಂದು ಅಯಾನೂ ಒಂದು ಪುಟ್ಟ ಕಾಂತ. ಅದರ ಬಲವನ್ನು ಹೇಳುವ ಕಾಂತೀಯ ಮೊಮೆಂಟ್ ಅನ್ನು ಬೋರ್ ಮ್ಯಾಗ್ನೆಟಾನ್ ಎಂಬ ಮಾನದಲ್ಲಿ ಎಣಿಸಿದರೆ ಫೆರಿಕ್ ಅಯಾನಿಗೆ 5, ಫೆರಸ್ ಅಯಾನಿಗೆ 4. ಮೂರೂ ಒಂದೇ ದಿಕ್ಕಿಗೆ ಮುಖಮಾಡಿ ನಿಂತಿದ್ದರೆ ಮೊತ್ತ 14 ಆಗಬೇಕಿತ್ತು. ಅತಿ ಕಡಿಮೆ ಉಷ್ಣತೆಯಲ್ಲಿ, ಪ್ರಬಲವಾದ ಕಾಂತಕ್ಷೇತ್ರದಲ್ಲಿಟ್ಟು ಅಳೆದರೆ ಸಿಗುವುದು ಸುಮಾರು 4.1 ಮಾತ್ರ.

ಈ ಅಂತರ ಅಳತೆಯ ದೋಷದಿಂದ ಬಂದದ್ದಾಗಿರಲು ಸಾಧ್ಯವೇ ಇರಲಿಲ್ಲ. 1948ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೆಯೆಲ್ ಇದಕ್ಕೆ ಕೊಟ್ಟ ವಿವರಣೆಯನ್ನು ಕೂಡುವ ಕಳೆಯುವ ಲೆಕ್ಕ ಬಲ್ಲ ಯಾರಾದರೂ ಒಪ್ಪಿಸಬಹುದು. ಆದರೆ ಆ ಲೆಕ್ಕವನ್ನು ಹಾಗೆ ಹಾಕಬಹುದು ಎಂದು ಹೇಳುವ ಧೈರ್ಯಕ್ಕೆ ಹದಿನಾರು ವರ್ಷಗಳ ಹಿನ್ನೆಲೆಯಿತ್ತು. ನೆಯೆಲ್ ಅವರ ಕೆಲಸದ ಪ್ರಭಾವ ಎಷ್ಟು ದೂರ ಹರಡಿತು ಎಂಬುದನ್ನು ತಿಳಿಯಲು ಆ ಹಿನ್ನೆಲೆಯಿಂದಲೇ ಹೊರಡಬೇಕು.

ನೆಯೆಲ್ ಹುಟ್ಟಿದ್ದು 1904ರಲ್ಲಿ, ಲಿಯೋನ್ ನಗರದಲ್ಲಿ. ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸುಪೀರಿಯರ್‌ನಲ್ಲಿ ಓದಿ, ಸ್ಟ್ರಾಸ್‌ಬರ್ಗ್‌ನಲ್ಲಿ ಪಿಯರ್ ವೈಸ್ ಅವರ ಪ್ರಯೋಗಾಲಯವನ್ನು ಸೇರಿದರು. 1932ರಲ್ಲಿ ಅಲ್ಲಿಯೇ ಡಾಕ್ಟರೇಟ್ ಪಡೆದರು. ಆ ಕಾಲದ ಕಾಂತವಿಜ್ಞಾನದಲ್ಲಿ ವೈಸ್ ಅವರದು ಬಹಳ ದೊಡ್ಡ ಹೆಸರು. ಕಬ್ಬಿಣದಂಥ ವಸ್ತುವಿನೊಳಗೆ ಪ್ರತಿಯೊಂದು ಪರಮಾಣುವೂ ತನ್ನ ನೆರೆಯ ಪರಮಾಣುಗಳಿಂದ ಒಂದು ಅದೃಶ್ಯ ಕ್ಷೇತ್ರವನ್ನು ಅನುಭವಿಸುತ್ತದೆ, ಆ ಕ್ಷೇತ್ರ ಎಲ್ಲವನ್ನೂ ಒಂದೇ ದಿಕ್ಕಿಗೆ ಎಳೆಯುತ್ತದೆ, ಉಷ್ಣತೆ ಏರಿದಂತೆ ಪರಮಾಣುಗಳ ಕಂಪನ ಈ ಶಿಸ್ತನ್ನು ಕೆಡಿಸುತ್ತ ಹೋಗಿ ಕ್ಯೂರಿ ಬಿಂದುವಿನಲ್ಲಿ ಪೂರ್ತಿ ಮುರಿಯುತ್ತದೆ ಎಂದು ವೈಸ್ 1907ರಲ್ಲಿ ಸೂಚಿಸಿದ್ದರು. ಕಬ್ಬಿಣಕ್ಕೆ ಆ ಬಿಂದು ಸುಮಾರು 770 ಡಿಗ್ರಿ ಸೆಲ್ಸಿಯಸ್. ಈ ‘ಅಣುಕ್ಷೇತ್ರ’ ಎಲ್ಲಿಂದ ಬರುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಪುಟ್ಟ ಕಾಂತಗಳ ನಡುವಿನ ಸಾಮಾನ್ಯ ಸೆಳೆತದಿಂದ ಅಷ್ಟು ದೊಡ್ಡ ಬಲ ಹುಟ್ಟಲಾರದು ಎಂಬುದು ಮಾತ್ರ ಸ್ಪಷ್ಟವಿತ್ತು. 1928ರಲ್ಲಿ ವರ್ನರ್ ಹೈಸೆನ್‌ಬರ್ಗ್ ಕ್ವಾಂಟಮ್ ಸಿದ್ಧಾಂತದಿಂದ ಅದರ ಮೂಲವನ್ನು ತೋರಿಸಿದರು. ನೆರೆಹೊರೆಯ ಪರಮಾಣುಗಳ ಎಲೆಕ್ಟ್ರಾನುಗಳು ಒಂದನ್ನೊಂದು ಗುರುತಿಸಲಾಗದಷ್ಟು ಸಮಾನವಾಗಿರುವುದರಿಂದ, ಅವುಗಳ ವಿದ್ಯುತ್ ವಿಕರ್ಷಣೆಯ ಶಕ್ತಿ, ಎಲೆಕ್ಟ್ರಾನನ್ನು ಪುಟ್ಟ ಕಾಂತವಾಗಿಸುವ ಅವುಗಳ ಸ್ಪಿನ್‌ಗಳು ಒಂದೇ ಕಡೆಗಿವೆಯೋ ಎದುರುಬದುರಾಗಿವೆಯೋ ಎಂಬುದನ್ನು ಅವಲಂಬಿಸುತ್ತದೆ. ಇದನ್ನೇ ವಿನಿಮಯ ಕ್ರಿಯೆ ಎನ್ನುತ್ತಾರೆ.

ವಿನಿಮಯ ಕ್ರಿಯೆ ಧನವಾಗಿರಬಹುದು, ಋಣವೂ ಆಗಿರಬಹುದು. ಧನವಾಗಿದ್ದರೆ ನೆರೆಯವು ಒಂದೇ ದಿಕ್ಕಿಗೆ ನಿಲ್ಲುತ್ತವೆ. ಕಬ್ಬಿಣ, ನಿಕಲ್, ಕೋಬಾಲ್ಟ್‌ಗಳಲ್ಲಿ ಆಗುವುದು ಅದೇ. ಋಣವಾಗಿದ್ದರೆ ಎದುರುಬದುರಾಗಿ ನಿಲ್ಲಬೇಕು. ಎರಡನೆಯ ಈ ಸಾಧ್ಯತೆ ಸಿದ್ಧಾಂತದಲ್ಲಿ ಎಲ್ಲರ ಕಣ್ಣೆದುರಿಗೇ ಇದ್ದರೂ, ಅಂಥ ವಸ್ತು ಹೊರಗಿನಿಂದ ನೋಡಿದರೆ ಕಾಂತವೇ ಅಲ್ಲದಂತೆ ತೋರುವುದರಿಂದ ಅದರ ಬೆನ್ನು ಹತ್ತಿದವರು ಕಡಿಮೆ. ನೆಯೆಲ್ ಹತ್ತಿದರು. ಸ್ಫಟಿಕದ ಪರಮಾಣುಗಳನ್ನು ಚದುರಂಗದ ಹಾಸಿನ ಕಪ್ಪು ಬಿಳಿ ಮನೆಗಳಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಕಪ್ಪು ಮನೆಗಳಲ್ಲಿರುವ ಕಾಂತಗಳೆಲ್ಲ ಮೇಲ್ಮುಖವಾಗಿಯೂ ಬಿಳಿ ಮನೆಗಳವೆಲ್ಲ ಕೆಳಮುಖವಾಗಿಯೂ ಇವೆ ಎಂದು ಭಾವಿಸಿದರು. ಈ ಒಂದೊಂದು ಗುಂಪೂ ಒಂದು ಉಪಜಾಲಕ. ವೈಸ್ ಇಡೀ ಸ್ಫಟಿಕಕ್ಕೆ ಒಂದೇ ಅಣುಕ್ಷೇತ್ರವನ್ನು ಇಟ್ಟುಕೊಂಡಿದ್ದರೆ, ಶಿಷ್ಯ ಪ್ರತಿ ಉಪಜಾಲಕಕ್ಕೂ ಬೇರೆಬೇರೆ ಅಣುಕ್ಷೇತ್ರವನ್ನು ಕೊಟ್ಟರು. ಕಪ್ಪು ಮನೆಗಳ ಕ್ಷೇತ್ರವನ್ನು ಮುಖ್ಯವಾಗಿ ಬಿಳಿ ಮನೆಗಳ ಕಾಂತತ್ವ ನಿರ್ಧರಿಸುತ್ತದೆ, ಬಿಳಿ ಮನೆಗಳದನ್ನು ಕಪ್ಪು ಮನೆಗಳದು. 1932ರ ಸುಮಾರಿಗೆ ಮೊಳೆತ ಈ ವಿಚಾರ 1936ರ ಹೊತ್ತಿಗೆ ಪೂರ್ಣ ರೂಪಕ್ಕೆ ಬಂತು. ಇಂಥ ವಸ್ತುವಿನಲ್ಲಿಯೂ ಕ್ಯೂರಿ ಬಿಂದುವಿನಂಥ ಒಂದು ನಿಶ್ಚಿತ ಉಷ್ಣತೆ ಇರಬೇಕು, ಅದಕ್ಕಿಂತ ಕೆಳಗೆ ಮಾತ್ರ ಈ ಎದುರುಬದುರಿನ ಶಿಸ್ತು ಉಳಿಯಬೇಕು ಎಂದು ಅವರು ತೋರಿಸಿದರು. ಇಂದು ಅದನ್ನು ನೆಯೆಲ್ ಉಷ್ಣತೆ ಎಂದೇ ಕರೆಯುತ್ತಾರೆ. ಈ ವಸ್ತುಗಳಿಗೆ ಆಂಟಿಫೆರೋಮ್ಯಾಗ್ನೆಟ್ ಎಂಬ ಹೆಸರು ನಿಂತಿದೆ.

ಒಟ್ಟು ಕಾಂತತ್ವ ಸೊನ್ನೆಯಾಗಿರುವ ವಸ್ತುವಿನೊಳಗೆ ಶಿಸ್ತಿದೆ ಎಂದು ಪ್ರಯೋಗದಿಂದ ತಿಳಿಯುವುದು ಹೇಗೆ? ಸಿದ್ಧಾಂತ ಒಂದು ಸೂಕ್ಷ್ಮ ಗುರುತನ್ನು ಕೊಟ್ಟಿತ್ತು. ಹೊರಗಿನಿಂದ ಸ್ವಲ್ಪ ಕಾಂತಕ್ಷೇತ್ರ ಹಾಯಿಸಿದರೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂದು ಅಳೆಯುತ್ತ, ವಸ್ತುವನ್ನು ನಿಧಾನವಾಗಿ ತಣ್ಣಗಾಗಿಸಬೇಕು. ಸಾಮಾನ್ಯ ವಸ್ತುವಿನಲ್ಲಿ ಉಷ್ಣ ಕಂಪನ ಇಳಿದಂತೆ ಸ್ಪಂದನ ಏರುತ್ತಲೇ ಹೋಗುತ್ತದೆ. ಆಂಟಿಫೆರೋಮ್ಯಾಗ್ನೆಟ್‌ನಲ್ಲಿ ನೆಯೆಲ್ ಉಷ್ಣತೆಯವರೆಗೆ ಏರಿ, ಅಲ್ಲಿ ಚೂಪಾದ ತುದಿ ಮುಟ್ಟಿ, ಮತ್ತೆ ಇಳಿಯಬೇಕು. ಏಕೆಂದರೆ ಉಪಜಾಲಕಗಳು ಪರಸ್ಪರ ಬಿಗಿಯಾಗಿ ಬೆಸೆದುಕೊಂಡ ಮೇಲೆ, ಅವುಗಳ ದಿಕ್ಕಿಗೆ ಸಮಾನಾಂತರವಾಗಿ ಹಾಯಿಸಿದ ಕ್ಷೇತ್ರಕ್ಕೆ ಅವು ಹೆಚ್ಚು ಹೆಚ್ಚು ಜಗ್ಗದಂತಾಗುತ್ತವೆ. ಲಂಬವಾಗಿ ಹಾಯಿಸಿದ ಕ್ಷೇತ್ರಕ್ಕೆ ಮಾತ್ರ ಎರಡೂ ಒಂದಿಷ್ಟು ಓರೆಯಾಗಿ ವಾಲುತ್ತವೆ. ಎಲ್ಲ ದಿಕ್ಕುಗಳ ಹರಳುಗಳೂ ಬೆರೆತಿರುವ ಪುಡಿಯಲ್ಲಿ ಇದರ ಸರಾಸರಿ ಹಾಕಿದರೆ, ಪರಮ ಶೂನ್ಯದ ಬಳಿಯ ಸ್ಪಂದನ ತುದಿಯ ಬೆಲೆಯ ಮೂರನೆಯ ಎರಡು ಭಾಗಕ್ಕೆ ಬಂದು ನಿಲ್ಲಬೇಕು. 1938ರಲ್ಲಿ ಮ್ಯಾಂಗನೀಸ್ ಆಕ್ಸೈಡ್‌ನಲ್ಲಿ ಇಂಥ ತುದಿ, ಸುಮಾರು 116 ಕೆಲ್ವಿನ್ ಬಳಿ, ಕಾಣಿಸಿಕೊಂಡಿತು.

ಇಷ್ಟಾದರೂ ಇದು ಪರೋಕ್ಷ ಸಾಕ್ಷ್ಯ. ಅದರ ಜೊತೆಗೆ ಸಿದ್ಧಾಂತದ ಕಡೆಯಿಂದ ಒಂದು ಗಂಭೀರವಾದ ಆಕ್ಷೇಪವೂ ಇತ್ತು. ಅದನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ, ಏಕೆಂದರೆ ಆ ಆಕ್ಷೇಪದಿಂದಲೇ ಬೇರೊಂದು ದೊಡ್ಡ ಸಂಶೋಧನಾ ಕ್ಷೇತ್ರ ಬೆಳೆದಿದೆ. ಕ್ವಾಂಟಮ್ ಸಿದ್ಧಾಂತದ ಪ್ರಕಾರ ಎರಡು ಸ್ಪಿನ್‌ಗಳು ಋಣ ವಿನಿಮಯದಿಂದ ಬೆಸೆದುಕೊಂಡರೆ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ ‘ಇದು ಮೇಲಕ್ಕೆ, ಅದು ಕೆಳಕ್ಕೆ’ ಎಂಬ ನಿಗದಿ ಇರುವುದಿಲ್ಲ. ‘ಮೇಲೆ ಕೆಳಗೆ’ ಮತ್ತು ‘ಕೆಳಗೆ ಮೇಲೆ’ ಎಂಬ ಎರಡೂ ಸಮನಾಗಿ ಬೆರೆತಿರುತ್ತವೆ; ಯಾವುದೇ ಒಂದು ಸ್ಪಿನ್ನಿನ ಸರಾಸರಿ ದಿಕ್ಕು ಸೊನ್ನೆ. ಒಂದೇ ಸಾಲಿನಲ್ಲಿ ಕೂತ ಸ್ಪಿನ್‌ಗಳ ಸರಪಳಿಗೆ ಹಾನ್ಸ್ ಬೆಥೆ 1931ರಲ್ಲಿಯೇ ನಿಖರವಾದ ಉತ್ತರ ಕಂಡುಹಿಡಿದಿದ್ದರು. ಅಲ್ಲಿ ದೂರದವರೆಗೆ ಉಳಿಯುವ ಎದುರುಬದುರಿನ ಶಿಸ್ತು ಇರುವುದೇ ಇಲ್ಲ. ಹಾಗಿದ್ದ ಮೇಲೆ ನೆಯೆಲ್ ಬರೆದ ಚಿತ್ರ ನಿಜವಾದ ಸ್ಫಟಿಕದಲ್ಲಿ ಇರಲು ಸಾಧ್ಯವೇ ಎಂದು ಕೇಳುವುದು ಸಹಜವೇ ಆಗಿತ್ತು.

ಈ ಪ್ರಶ್ನೆಗೆ ಉತ್ತರ ಬಂದದ್ದು ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಿಂದ. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಆದರೆ ಅದು ತಾನೇ ಒಂದು ಪುಟ್ಟ ಕಾಂತ. ಆದ್ದರಿಂದ ಸ್ಫಟಿಕದ ಮೂಲಕ ಹಾಯುವಾಗ ಅದು ಪರಮಾಣುಗಳು ಎಲ್ಲಿವೆ ಎಂಬುದನ್ನಷ್ಟೇ ಅಲ್ಲ, ಅವುಗಳ ಕಾಂತ ಯಾವ ಕಡೆ ತಿರುಗಿದೆ ಎಂಬುದನ್ನೂ ಅರಿಯುತ್ತದೆ. ಎಕ್ಸ್ ಕಿರಣಗಳಿಗೆ ಮ್ಯಾಂಗನೀಸ್‌ನ ಎಲ್ಲ ಅಯಾನುಗಳೂ ಒಂದೇ. ನ್ಯೂಟ್ರಾನಿಗೆ ಮೇಲ್ಮುಖದ ಅಯಾನು ಬೇರೆ, ಕೆಳಮುಖದ್ದು ಬೇರೆ. 1949ರಲ್ಲಿ ಕ್ಲಿಫರ್ಡ್ ಶಲ್ ಮತ್ತು ಸ್ಯಾಮ್ಯುಯೆಲ್ ಸ್ಮಾರ್ಟ್ ಮ್ಯಾಂಗನೀಸ್ ಆಕ್ಸೈಡ್‌ನ ಪುಡಿಯ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ, ಒಮ್ಮೆ ಕೋಣೆಯ ಉಷ್ಣತೆಯಲ್ಲಿ, ಇನ್ನೊಮ್ಮೆ 80 ಕೆಲ್ವಿನ್‌ನಲ್ಲಿ ವಿವರ್ತನೆಯ ಮಾದರಿಯನ್ನು, ಅಂದರೆ ಚದುರಿದ ನ್ಯೂಟ್ರಾನುಗಳು ಯಾವ ಕೋನಗಳಲ್ಲಿ ದಟ್ಟವಾಗಿ ಬೀಳುತ್ತವೆ ಎಂಬ ನಕ್ಷೆಯನ್ನು, ದಾಖಲಿಸಿದರು. ತಣ್ಣಗಿನ ಮಾದರಿಯಲ್ಲಿ ಹೊಸ ಶಿಖರಗಳು ಎದ್ದಿದ್ದವು. ಅವು ಬಿದ್ದ ಜಾಗಗಳನ್ನು ಲೆಕ್ಕಹಾಕಿದರೆ, ಸ್ಫಟಿಕದಲ್ಲಿ ಒಂದೇ ಬಗೆಯ ಜೋಡಣೆ ಪುನರಾವರ್ತನೆಯಾಗುವ ಅಂತರ ರಾಸಾಯನಿಕ ಅಂತರದ ಎರಡರಷ್ಟಾಗಿದೆ ಎಂದು ತಿಳಿಯುತ್ತಿತ್ತು. ಪಕ್ಕಪಕ್ಕದ ಪದರಗಳು ಎದುರುಬದುರಾಗಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಒಟ್ಟು ಸೊನ್ನೆಯಾದ ವಸ್ತುವಿನ ಒಳಗಿನ ಶಿಸ್ತನ್ನು ಮೊಟ್ಟಮೊದಲಿಗೆ ನೇರವಾಗಿ ಕಂಡದ್ದು ಆಗ. ನ್ಯೂಟ್ರಾನ್ ವಿವರ್ತನೆಯ ವಿಧಾನಕ್ಕಾಗಿ ಶಲ್ ಅವರಿಗೆ 1994ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಹಾಗೆಂದು ಆಕ್ಷೇಪ ಎತ್ತಿದವರು ಪೂರ್ತಿ ತಪ್ಪಿದ್ದರು ಎಂದಲ್ಲ. ಮೂರು ಆಯಾಮಗಳ ಸ್ಫಟಿಕದಲ್ಲಿ ಪ್ರತಿ ಪರಮಾಣುವಿಗೂ ಅನೇಕ ನೆರೆಯವು ಇರುವುದರಿಂದ ಕ್ವಾಂಟಮ್ ಏರಿಳಿತಗಳು ಶಿಸ್ತನ್ನು ಸ್ವಲ್ಪ ಕುಗ್ಗಿಸುತ್ತವೆಯೇ ಹೊರತು ಅಳಿಸುವುದಿಲ್ಲ ಎಂದು ಫಿಲಿಪ್ ಆಂಡರ್ಸನ್ 1952ರಲ್ಲಿ ತೋರಿಸಿದರು. ಎರಡು ಆಯಾಮಗಳ ಚೌಕಜಾಲಕದಲ್ಲಿ, ಅತಿ ಚಿಕ್ಕ ಸ್ಪಿನ್‌ಗಳಿದ್ದಾಗ, ಉಪಜಾಲಕದ ಕಾಂತತ್ವ ನೆಯೆಲ್ ಚಿತ್ರ ಹೇಳುವುದರ ಸುಮಾರು 60 ಪ್ರತಿಶತಕ್ಕೆ ಇಳಿಯುತ್ತದೆ. 1986ರಲ್ಲಿ ಬೆಡ್ನಾರ್ಜ್ ಮತ್ತು ಮ್ಯುಲರ್ ಹೆಚ್ಚಿನ ಉಷ್ಣತೆಯ ಅತಿವಾಹಕತೆಯನ್ನು (ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಗುಣವನ್ನು) ಕಂಡುಹಿಡಿದ ತಾಮ್ರದ ಆಕ್ಸೈಡ್‌ಗಳ ಮೂಲವಸ್ತು ಇಂಥದೇ ಚೌಕಜಾಲಕದ ಆಂಟಿಫೆರೋಮ್ಯಾಗ್ನೆಟ್. ಅದರ ಶಿಸ್ತನ್ನು ಕೆಡಿಸಿದಾಗಲೇ ಅತಿವಾಹಕತೆ ಹುಟ್ಟುವುದರಿಂದ, ನೆಯೆಲ್ ಸ್ಥಿತಿ ಎಲ್ಲಿ ಉಳಿಯುತ್ತದೆ, ಎಲ್ಲಿ ಕರಗುತ್ತದೆ ಎಂಬ 1930ರ ದಶಕದ ಪ್ರಶ್ನೆ ಇಂದಿಗೂ ಸಂಶೋಧನೆಯ ಮುಂಚೂಣಿಯಲ್ಲಿದೆ.

ಇನ್ನು ಮ್ಯಾಗ್ನೆಟೈಟ್‌ನ ಲೆಕ್ಕ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ನೆಯೆಲ್ ಫ್ರೆಂಚ್ ನೌಕಾಪಡೆಗಾಗಿ ಕೆಲಸ ಮಾಡಿದರು. ಜರ್ಮನಿ ಸಮುದ್ರದಲ್ಲಿ ಹುದುಗಿಸಿದ್ದ ಕಾಂತೀಯ ಮೈನುಗಳು ಹಡಗಿನ ಉಕ್ಕಿನ ಕಾಂತತ್ವವನ್ನು ಗ್ರಹಿಸಿ ಸಿಡಿಯುತ್ತಿದ್ದವು. ಭೂಮಿಯ ಕಾಂತಕ್ಷೇತ್ರ ಹಡಗಿನಲ್ಲಿ ಹುಟ್ಟಿಸುವ ಕಾಂತತ್ವಕ್ಕೆ ವಿರುದ್ಧ ದಿಕ್ಕಿನ ಶಾಶ್ವತ ಕಾಂತತ್ವವನ್ನು ಮೊದಲೇ ತುಂಬಿ, ಎರಡೂ ಒಂದನ್ನೊಂದು ಅಳಿಸುವಂತೆ ಮಾಡುವ ವಿಧಾನವನ್ನು ಅವರು ರೂಪಿಸಿದರು. ಜರ್ಮನ್ ಆಕ್ರಮಣದ ನಂತರ ಗ್ರೆನೋಬ್ಲ್‌ನಲ್ಲಿ ನೆಲೆಸಿ, ಅಲ್ಲಿ ಫೆರೈಟ್‌ಗಳ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮ್ಯಾಗ್ನೆಟೈಟ್ ಮತ್ತು ಅದರ ಬಂಧುಗಳನ್ನು ಫೆರೈಟ್‌ಗಳು ಎನ್ನುತ್ತಾರೆ. ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದ ಕಾಂತಗಳಾದ್ದರಿಂದ ಇವುಗಳ ಬಗ್ಗೆ ಉದ್ಯಮಕ್ಕೂ ತುಂಬ ಆಸಕ್ತಿಯಿತ್ತು: ಹೆಚ್ಚಿನ ಆವೃತ್ತಿಯ ವಿದ್ಯುತ್ತಿನಲ್ಲಿ ಕಬ್ಬಿಣದ ತಿರುಳು ಸುಳಿ ಪ್ರವಾಹಗಳಿಂದ ಕಾದು ಶಕ್ತಿಯನ್ನು ಪೋಲು ಮಾಡುತ್ತದೆ, ಫೆರೈಟ್ ಮಾಡುವುದಿಲ್ಲ. ಐಂಡ್‌ಹೋವನ್‌ನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಅವುಗಳನ್ನು ತಯಾರಿಸುವ ಕೌಶಲ ಚೆನ್ನಾಗಿ ಬೆಳೆದಿತ್ತು. ಅವು ಕಾಂತಗಳಾಗಿರುವುದು ಏಕೆ ಎಂಬ ತಿಳಿವಳಿಕೆ ಮಾತ್ರ ಹಿಂದುಳಿದಿತ್ತು.

ಮ್ಯಾಗ್ನೆಟೈಟ್‌ನ ಸ್ಫಟಿಕದಲ್ಲಿ ಕಬ್ಬಿಣದ ಅಯಾನುಗಳು ಕೂರುವ ಜಾಗಗಳು ಎರಡು ಬಗೆಯವು. ಒಂದು ಬಗೆಯ ಜಾಗದ ಸುತ್ತ ನಾಲ್ಕು ಆಮ್ಲಜನಕಗಳಿವೆ, ಇನ್ನೊಂದರ ಸುತ್ತ ಆರು. ಮೊದಲ ಬಗೆಯಲ್ಲಿ ಒಂದು ಫೆರಿಕ್ ಅಯಾನು; ಎರಡನೆಯದರಲ್ಲಿ ಒಂದು ಫೆರಿಕ್, ಒಂದು ಫೆರಸ್. ಎರಡೂ ಜಾಗಗಳ ನಡುವಿನ ವಿನಿಮಯ ಋಣವಾಗಿದ್ದು ಬಲವಾಗಿದೆ ಎಂದು ನೆಯೆಲ್ ಭಾವಿಸಿದರು. ಆಗ ಮೊದಲ ಜಾಗದ 5 ಒಂದು ಕಡೆಗೂ, ಎರಡನೆಯ ಜಾಗದ 5 ಮತ್ತು 4 ಅದರ ಎದುರು ಕಡೆಗೂ ನಿಲ್ಲುತ್ತವೆ. ಫೆರಿಕ್ ಅಯಾನುಗಳೆರಡೂ ಒಂದನ್ನೊಂದು ಅಳಿಸಿ, ಫೆರಸ್ ಅಯಾನಿನ 4 ಮಾತ್ರ ಉಳಿಯುತ್ತದೆ. ಅಳತೆ ಹೇಳಿದ್ದು 4.1. ಎದುರುಬದುರಾಗಿ ನಿಂತರೂ ಎರಡು ಪಕ್ಷಗಳು ಅಸಮಾನವಾಗಿರುವ ಈ ಬಗೆಗೆ ನೆಯೆಲ್ ಫೆರಿಮ್ಯಾಗ್ನೆಟಿಸಂ ಎಂದು ಹೆಸರಿಟ್ಟರು. ಮನುಷ್ಯನಿಗೆ ಗೊತ್ತಿದ್ದ ಅತ್ಯಂತ ಹಳೆಯ ಅಯಸ್ಕಾಂತ, ಕಬ್ಬಿಣದ ಜಾತಿಯ ಕಾಂತವೇ ಅಲ್ಲ ಎಂದು ಹೀಗೆ ಗೊತ್ತಾಯಿತು. ಫೆರಸ್ ಅಯಾನಿನ ಜಾಗಕ್ಕೆ ಬೇರೆ ಲೋಹಗಳನ್ನು ತಂದು ಕೂರಿಸಿದ ಫೆರೈಟ್‌ಗಳಲ್ಲಿಯೂ ಲೆಕ್ಕ ಹಿಡಿಯಿತು. ನಿಕಲ್ ಅಯಾನಿನ ಮೊಮೆಂಟ್ 2. ನಿಕಲ್ ಫೆರೈಟ್‌ನಲ್ಲಿ ಅಳತೆಗೆ ಸಿಗುವುದು 2.3ರ ಸುಮಾರು. ಕೋಬಾಲ್ಟ್‌ನದು 3, ಸಿಗುವುದು 3.7ರ ಆಸುಪಾಸು. ಈ ಹೆಚ್ಚುವರಿ, ಎಲೆಕ್ಟ್ರಾನಿನ ಕಕ್ಷೀಯ ಚಲನೆ ಸ್ಪಿನ್ನಿಗೆ ಸೇರಿಸುವ ಪಾಲಿನಿಂದ ಬರುತ್ತದೆ.

ಸತುವಿನ ವಿಷಯ ಇವೆಲ್ಲಕ್ಕಿಂತ ಬೆರಗಿನದು. ನನ್ನ ದೃಷ್ಟಿಯಲ್ಲಿ ಈ ಸಿದ್ಧಾಂತದ ಸತ್ವವನ್ನು ಅಷ್ಟು ಚೆನ್ನಾಗಿ ತೋರಿಸುವ ನಿದರ್ಶನ ಇನ್ನೊಂದಿಲ್ಲ. ಸತುವಿನ ಅಯಾನಿಗೆ ಕಾಂತೀಯ ಮೊಮೆಂಟ್ ಇಲ್ಲವೇ ಇಲ್ಲ. ಆದರೂ ನಿಕಲ್ ಫೆರೈಟ್‌ಗೆ ಸ್ವಲ್ಪ ಸ್ವಲ್ಪವಾಗಿ ಸತುವನ್ನು ಬೆರೆಸುತ್ತ ಹೋದರೆ ಒಟ್ಟು ಕಾಂತತ್ವ ಏರುತ್ತದೆ. ಕಾಂತವಲ್ಲದ್ದನ್ನು ಸೇರಿಸಿದರೆ ಕಾಂತ ಬಲಿಯುವುದು ಹೇಗೆ? ಸತು ಹೋಗಿ ಕೂರುವುದು ನಾಲ್ಕು ಆಮ್ಲಜನಕಗಳ ನಡುವಿನ ಜಾಗದಲ್ಲಿ, ಅಂದರೆ ಒಟ್ಟು ಮೊತ್ತದಿಂದ ಕಳೆಯುವ ಪಕ್ಷದಲ್ಲಿ. ಅಲ್ಲಿದ್ದ ಫೆರಿಕ್ ಅಯಾನು ಇನ್ನೊಂದು ಪಕ್ಷಕ್ಕೆ ಸರಿಯುತ್ತದೆ. ಕಳೆಯುವ ಪಕ್ಷದಿಂದ ಒಂದು 5 ಹೋಗಿ, ಕೂಡುವ ಪಕ್ಷಕ್ಕೆ ಒಂದು 5 ಸೇರುವುದರಿಂದ ಪ್ರತಿ ಸತುವಿನ ಅಯಾನಿಗೂ ಮೊತ್ತ ಗಣನೀಯವಾಗಿ ಏರುತ್ತದೆ. ಈ ಏರಿಕೆ ಕೊನೆಯವರೆಗೂ ಮುಂದುವರಿಯಲಾರದು, ಏಕೆಂದರೆ ಕಳೆಯುವ ಪಕ್ಷ ತೀರ ಬಡವಾದಾಗ ಕೂಡುವ ಪಕ್ಷದ ಅಯಾನುಗಳನ್ನು ಒಂದೇ ದಿಕ್ಕಿಗೆ ಹಿಡಿದಿಡುವ ಎದುರುಬಲವೇ ಇಲ್ಲವಾಗುತ್ತದೆ. ಸುಮಾರು ಅರ್ಧದಷ್ಟು ಸತು ಸೇರುವ ಹೊತ್ತಿಗೆ ಕಾಂತತ್ವ ಇಳಿಯತೊಡಗುತ್ತದೆ. ಇಂದಿಗೂ ಫೆರೈಟ್ ತಯಾರಕರು ಬೇಕಾದ ಗುಣ ಬರಿಸಲು ಸತುವಿನ ಪ್ರಮಾಣವನ್ನು ಹದಗೊಳಿಸುವುದು ಈ ಲೆಕ್ಕದ ಆಧಾರದ ಮೇಲೆಯೇ.

1948ರ ತಮ್ಮ ಅದೇ ಲೇಖನದಲ್ಲಿ ನೆಯೆಲ್ ಇನ್ನೂ ಅಪರೂಪದ ಒಂದು ಸಾಧ್ಯತೆಯನ್ನು ಮುಂದಿಟ್ಟಿದ್ದರು. ಎರಡು ಉಪಜಾಲಕಗಳ ಕಾಂತತ್ವ ಉಷ್ಣತೆಯೊಂದಿಗೆ ಬೇರೆಬೇರೆ ವೇಗದಲ್ಲಿ ಕುಸಿಯಬಹುದು. ತಣ್ಣಗಿದ್ದಾಗ ಮೇಲುಗೈಯಾಗಿದ್ದ ಪಕ್ಷ ಬೇಗ ಕುಸಿದರೆ, ಕ್ಯೂರಿ ಬಿಂದುವಿಗೆ ಇನ್ನೂ ಬಹಳ ಕೆಳಗೆ ಯಾವುದೋ ಒಂದು ಉಷ್ಣತೆಯಲ್ಲಿ ಎರಡೂ ಸಮವಾಗಿ ಮೊತ್ತ ಸೊನ್ನೆಯಾಗುತ್ತದೆ, ಅದನ್ನು ದಾಟಿದ ಮೇಲೆ ವಿರುದ್ಧ ದಿಕ್ಕಿನಲ್ಲಿ ಮತ್ತೆ ಹುಟ್ಟುತ್ತದೆ. ಅಂಥ ವಸ್ತು ಆಗ ಯಾರಿಗೂ ಗೊತ್ತಿರಲಿಲ್ಲ. 1953ರಲ್ಲಿ ಫಿಲಿಪ್ಸ್‌ನ ಗಾರ್ಟರ್ ಮತ್ತು ಶುಲ್ಕೆಸ್ ಲಿಥಿಯಂ, ಕ್ರೋಮಿಯಂ ಸೇರಿಸಿದ ಫೆರೈಟ್‌ನಲ್ಲಿ ಅದನ್ನು ಕಂಡರು. ಮೊದಲು ಕಾಗದದ ಮೇಲೆ ಸಾಧ್ಯವೆಂದು ತೋರಿಸಿ, ಅನಂತರ ಮೂಸೆಯಲ್ಲಿ ತಯಾರಾದ ವಸ್ತು ಅದು. ಗ್ರೆನೋಬ್ಲ್‌ನಲ್ಲಿಯೇ ಬೆರ್ಟೋ ಮತ್ತು ಫೋರಾ 1956ರಲ್ಲಿ ಯಿಟ್ರಿಯಂ ಕಬ್ಬಿಣದ ಗಾರ್ನೆಟ್ ಎಂಬ ಹೊಸ ಫೆರಿಮ್ಯಾಗ್ನೆಟ್ ಅನ್ನು ವರದಿ ಮಾಡಿದರು. ಕಾಂತತ್ವದ ಅಲೆಗಳು ಅದರಲ್ಲಿ ಅತಿ ಕಡಿಮೆ ನಷ್ಟದೊಂದಿಗೆ ಸಾಗುವುದರಿಂದ ಮೈಕ್ರೋವೇವ್ ಉಪಕರಣಗಳಲ್ಲಿಯೂ ಮೂಲಭೂತ ಪ್ರಯೋಗಗಳಲ್ಲಿಯೂ ಅದಕ್ಕೆ ಇಂದಿಗೂ ಸಾಟಿಯಿಲ್ಲ.

1970ರಲ್ಲಿ ನೆಯೆಲ್ ಅವರಿಗೆ ಹಾನೆಸ್ ಆಲ್ಫ್‌ವೆನ್ ಜೊತೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು. ಆ ಸಂದರ್ಭದ ಉಪನ್ಯಾಸದಲ್ಲಿ ಅವರು, ಆಂಟಿಫೆರೋಮ್ಯಾಗ್ನೆಟ್‌ಗಳು ಸಿದ್ಧಾಂತದ ದೃಷ್ಟಿಯಿಂದ ಬಹಳ ಆಸಕ್ತಿಕರವಾದರೂ ಅವುಗಳಿಂದ ಪ್ರಯೋಜನವಿರುವಂತೆ ಕಾಣುವುದಿಲ್ಲ ಎಂಬ ಅರ್ಥದ ಮಾತು ಹೇಳಿದ್ದರು. ಆ ಹೊತ್ತಿಗೆ ಅದು ನ್ಯಾಯವಾದ ಅಂದಾಜೇ. ಆದರೆ ಬೀಜ ಆಗಲೇ ಬಿದ್ದಿತ್ತು. 1956ರಲ್ಲಿ ಮೈಕಲ್‌ಜಾನ್ ಮತ್ತು ಬೀನ್, ಕೋಬಾಲ್ಟ್ ಕಣಗಳ ಮೇಲೆ ಕೋಬಾಲ್ಟ್ ಆಕ್ಸೈಡ್‌ನ ತೆಳು ಪದರವಿದ್ದರೆ ಆ ಆಂಟಿಫೆರೋಮ್ಯಾಗ್ನೆಟ್ ಪದರ ಒಳಗಿನ ಕೋಬಾಲ್ಟ್‌ನ ಕಾಂತತ್ವವನ್ನು ಒಂದೇ ದಿಕ್ಕಿಗೆ ಕಟ್ಟಿಹಾಕುತ್ತದೆ ಎಂದು ಕಂಡಿದ್ದರು. ಹೊರಗಿನ ಕ್ಷೇತ್ರಕ್ಕೆ ತಾನು ಜಗ್ಗದೆ, ಪಕ್ಕದ ಪದರವನ್ನೂ ಜಗ್ಗಗೊಡದ ಈ ಗುಣ ಮೂವತ್ತು ವರ್ಷಗಳ ನಂತರ ಕೆಲಸಕ್ಕೆ ಬಂತು. 1988ರಲ್ಲಿ ಆಲ್ಬರ್ ಫೆರ್ ಮತ್ತು ಪೀಟರ್ ಗ್ರ್ಯುನ್‌ಬರ್ಗ್ ಅವರ ತಂಡಗಳು, ಕಬ್ಬಿಣದ ಪದರಗಳ ನಡುವೆ ಕ್ರೋಮಿಯಂನ ತೀರ ತೆಳುವಾದ ಪದರವಿಟ್ಟರೆ ಕಬ್ಬಿಣದ ಪದರಗಳು ಎದುರುಬದುರಾಗಿ ನಿಲ್ಲುತ್ತವೆ, ಹೊರಗಿನ ಕ್ಷೇತ್ರದಿಂದ ಅವುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ವಿದ್ಯುತ್ ರೋಧ ಬಹಳವಾಗಿ ಕುಸಿಯುತ್ತದೆ ಎಂದು ಸ್ವತಂತ್ರವಾಗಿ ಕಂಡುಕೊಂಡವು. ಫೆರ್ ತಂಡದ ಮಾದರಿಗಳಲ್ಲಿ ಅತಿ ಕಡಿಮೆ ಉಷ್ಣತೆಯಲ್ಲಿ ಕುಸಿತ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಇದನ್ನು ಬಳಸಿದ ಹಾರ್ಡ್ ಡಿಸ್ಕ್‌ಗಳನ್ನು ಐಬಿಎಂ 1997ರಲ್ಲಿ ಮಾರುಕಟ್ಟೆಗೆ ತಂದಿತು. ಅವುಗಳ ಓದುವ ತಲೆಯಲ್ಲಿ ಒಂದು ಪದರ ಡಿಸ್ಕ್‌ನ ಕ್ಷೇತ್ರಕ್ಕೆ ತಿರುಗುತ್ತದೆ, ಇನ್ನೊಂದು ತಿರುಗಬಾರದು. ತಿರುಗದಂತೆ ಅದನ್ನು ಹಿಡಿದಿಡುವುದು ಪಕ್ಕದ ಆಂಟಿಫೆರೋಮ್ಯಾಗ್ನೆಟ್.

ಇತ್ತೀಚಿನ ಬೆಳವಣಿಗೆಗಳನ್ನು ಚಿಕ್ಕದಾಗಿ ಹೇಳುತ್ತೇನೆ. 2016ರಲ್ಲಿ ತಾಮ್ರ, ಮ್ಯಾಂಗನೀಸ್, ಆರ್ಸೆನಿಕ್‌ಗಳ ಸಂಯುಕ್ತದಲ್ಲಿ ವಿದ್ಯುತ್ ಪ್ರವಾಹದಿಂದಲೇ ಉಪಜಾಲಕಗಳ ದಿಕ್ಕನ್ನು ಬದಲಿಸಿ ಮಾಹಿತಿ ಬರೆಯಬಹುದು ಎಂದು ತೋರಿಸಲಾಯಿತು. ಒಟ್ಟು ಕಾಂತತ್ವ ಸೊನ್ನೆಯಾಗಿದ್ದರೂ ಎಲೆಕ್ಟ್ರಾನುಗಳ ಶಕ್ತಿ ಸ್ಪಿನ್ನಿಗೆ ತಕ್ಕಂತೆ ಬೇರೆಯಾಗುವ ಆಲ್ಟರ್‌ಮ್ಯಾಗ್ನೆಟ್ ಎಂಬ ಹೊಸ ವರ್ಗವನ್ನು 2022ರ ಸುಮಾರಿಗೆ ಸೈದ್ಧಾಂತಿಕರು ಗುರುತಿಸಿದರು. 2024ರಲ್ಲಿ ಮ್ಯಾಂಗನೀಸ್ ಟೆಲ್ಯುರೈಡ್‌ನಲ್ಲಿ ಅದಕ್ಕೆ ಪ್ರಾಯೋಗಿಕ ಸಾಕ್ಷ್ಯ ಪ್ರಕಟವಾಯಿತು. ಒಂದು ಉಪಜಾಲಕವನ್ನು ಪಕ್ಕಕ್ಕೆ ಸರಿಸಿ ಇನ್ನೊಂದರ ಮೇಲೆ ಕೂರಿಸಲಾಗದೆ, ತಿರುಗಿಸಿಯೇ ಕೂರಿಸಬೇಕಾದ ವಸ್ತುಗಳು ಅವು. ಇಷ್ಟು ಹೊಸ ವಿಷಯವನ್ನು ಹೇಳಲೂ ಉಪಜಾಲಕಗಳ ಭಾಷೆಯೇ ಬೇಕಾಗಿದೆ ಎಂಬುದು ಗಮನಾರ್ಹ. ವಿಜ್ಞಾನಿಯೊಬ್ಬರ ಪ್ರಭಾವವನ್ನು ಅವರ ಲೇಖನಗಳು ಎಷ್ಟು ಬಾರಿ ಉಲ್ಲೇಖಗೊಂಡಿವೆ ಎಂದು ಎಣಿಸಿ ಅಳೆಯುವುದು ಈಗಿನ ರೂಢಿ. ನೆಯೆಲ್ ಅವರ ವಿಷಯದಲ್ಲಿ ಆ ಎಣಿಕೆ ಬಹಳ ಕಡಿಮೆ ಹೇಳುತ್ತದೆ, ಏಕೆಂದರೆ ಉಪಜಾಲಕದ ಮೇಲೆ ಲೆಕ್ಕ ಹಾಕುವವರು ಯಾರೂ ಈಗ 1936ರ ಆ ಫ್ರೆಂಚ್ ಲೇಖನವನ್ನು ಉಲ್ಲೇಖಿಸುವ ಗೋಜಿಗೆ ಹೋಗುವುದಿಲ್ಲ.

ಅವರ ಪ್ರಭಾವ ಭೌತವಿಜ್ಞಾನದ ಗಡಿಯನ್ನೇ ದಾಟಿದ ಇನ್ನೊಂದು ಕೆಲಸವಿದೆ. ಸುಟ್ಟ ಜೇಡಿಮಣ್ಣೂ ಆರಿದ ಲಾವಾ ಕಲ್ಲೂ ತಾವು ತಣ್ಣಗಾದ ಕಾಲದ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಂಡಿರುತ್ತವೆ ಎಂದು ಎಮಿಲ್ ತೆಲಿಯೆ ಮೊದಲಾದವರು ಎಚ್ಚರಿಕೆಯ ಅಳತೆಗಳಿಂದ ತೋರಿಸಿದ್ದರು. ಆದರೆ ಭೂಮಿಯ ಕ್ಷೇತ್ರ ಅತಿ ದುರ್ಬಲ. ಅದು ಮೂಡಿಸಿದ ಗುರುತು ಕೋಟ್ಯಂತರ ವರ್ಷ ಅಳಿಯದೆ ಉಳಿಯುವುದು ಹೇಗೆ ಎಂಬುದಕ್ಕೆ ವಿವರಣೆಯಿರಲಿಲ್ಲ. 1949ರಲ್ಲಿ ನೆಯೆಲ್ ಅದನ್ನು ಕೊಟ್ಟರು.

ಕಲ್ಲಿನೊಳಗಿನ ಅತಿ ಸಣ್ಣ ಕಾಂತೀಯ ಕಣವೊಂದನ್ನು ತೆಗೆದುಕೊಳ್ಳಿ. ಅದರ ಪರಮಾಣುಗಳೆಲ್ಲ ಒಟ್ಟಾಗಿ ಒಂದೇ ಕಾಂತದಂತೆ ವರ್ತಿಸುತ್ತವೆ, ಮತ್ತು ಆ ಕಾಂತ ಕಣದ ಒಂದು ಅಕ್ಷದ ಈ ತುದಿಗೋ ಆ ತುದಿಗೋ ಮುಖಮಾಡಿರಲು ಬಯಸುತ್ತದೆ. ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಲು ಅದು ಒಂದು ಶಕ್ತಿಯ ದಿಬ್ಬವನ್ನು ದಾಟಬೇಕು. ದಿಬ್ಬದ ಎತ್ತರ ಕಣದ ಗಾತ್ರಕ್ಕೆ ಅನುಗುಣ. ದಾಟಲು ನೂಕುವುದು ಉಷ್ಣ ಕಂಪನ. ದಿಬ್ಬದ ಎತ್ತರವನ್ನು ಉಷ್ಣಶಕ್ತಿಯಿಂದ ಭಾಗಿಸಿದರೆ ಸಿಗುವ ಅನುಪಾತ ಘಾತಾಂಕದಲ್ಲಿ ಕೂರುತ್ತದೆ, ಆದ್ದರಿಂದ ತಿರುಗಲು ಹಿಡಿಯುವ ಕಾಲ ಆ ಅನುಪಾತದೊಂದಿಗೆ ಊಹೆಗೂ ಮೀರಿದ ವೇಗದಲ್ಲಿ ಬೆಳೆಯುತ್ತದೆ. ತಿರುಗುವ ಪ್ರಯತ್ನ ಒಂದು ಸೆಕೆಂಡಿಗೆ ನೂರು ಕೋಟಿ ಬಾರಿ ನಡೆಯುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ಅನುಪಾತ 30 ಆಗಿದ್ದರೆ ಕಣದ ಕಾಂತತ್ವ ಸರಾಸರಿ ಮೂರು ಗಂಟೆಗಳಲ್ಲಿ ತಿರುಗಿಬಿಡುತ್ತದೆ. ಕಣದ ಗಾತ್ರ ಎರಡರಷ್ಟಾಗಿ, ಅಂದರೆ ವ್ಯಾಸ ಬರೀ 26 ಪ್ರತಿಶತ ಹೆಚ್ಚಾಗಿ, ಅನುಪಾತ 60 ಆದರೆ ಅದಕ್ಕೆ ಬೇಕಾಗುವ ಕಾಲ ಸುಮಾರು 360 ಕೋಟಿ ವರ್ಷ. ಭೂಮಿಯ ವಯಸ್ಸೇ 450 ಕೋಟಿ ವರ್ಷಗಳ ಆಸುಪಾಸಿನಲ್ಲಿದೆ.

ಲಾವಾ ತಣ್ಣಗಾಗುವಾಗ ಆಗುವುದೂ ಇದೇ. ಬಿಸಿಯಾಗಿದ್ದಾಗ ಕಣಗಳ ಕಾಂತತ್ವ ಕ್ಷಣಕ್ಷಣಕ್ಕೂ ತಿರುಗುತ್ತಿರುತ್ತದೆ, ಆದರೆ ಸರಾಸರಿಯಲ್ಲಿ ಭೂಕ್ಷೇತ್ರದ ಕಡೆಗೆ ಸ್ವಲ್ಪ ವಾಲಿರುತ್ತದೆ. ಉಷ್ಣತೆ ಇಳಿದಂತೆ ದಿಬ್ಬ ಏರುತ್ತದೆ, ನೂಕುವ ಶಕ್ತಿ ಕುಗ್ಗುತ್ತದೆ. ಕೆಲವೇ ಡಿಗ್ರಿಗಳ ಅಂತರದಲ್ಲಿ ತಿರುಗುವ ಕಾಲ ನಿಮಿಷಗಳಿಂದ ಯುಗಗಳಿಗೆ ನೆಗೆಯುತ್ತದೆ, ಆ ವಾಲು ಹಾಗೆಯೇ ಹೆಪ್ಪುಗಟ್ಟುತ್ತದೆ. ಬೇರೆಬೇರೆ ಗಾತ್ರದ ಕಣಗಳು ಬೇರೆಬೇರೆ ಉಷ್ಣತೆಗಳಲ್ಲಿ ಹೀಗೆ ಬಂದಿಯಾಗುವುದರಿಂದ, ಪ್ರತಿಯೊಂದು ಉಷ್ಣತೆಯ ಅಂತರದಲ್ಲಿ ದಾಖಲಾದ ಕಾಂತತ್ವ ಉಳಿದದ್ದರಿಂದ ಸ್ವತಂತ್ರವಾಗಿರುತ್ತದೆ ಎಂಬ ತೆಲಿಯೆ ಅವರ ಅಳತೆಗೂ ಕಾರಣ ಸಿಕ್ಕಿತು. ಹಾರ್ಡ್ ಡಿಸ್ಕ್‌ನ ವಿನ್ಯಾಸಕಾರರು ಕಾಂತೀಯ ಕಣಗಳನ್ನು ಎಷ್ಟು ಚಿಕ್ಕದಾಗಿಸಬಹುದು ಎಂದು ನಿರ್ಧರಿಸುವಾಗ ಎದುರಿಸುವ ಮಿತಿಯೂ ಇದೇ ಸೂತ್ರದ್ದು. ಬರೆದ ಮಾಹಿತಿ ಹತ್ತು ವರ್ಷ ಉಳಿಯಬೇಕಾದರೆ ಆ ಅನುಪಾತವನ್ನು ಒಂದು ಮಟ್ಟಕ್ಕಿಂತ ಕೆಳಗೆ ಬಿಡುವಂತಿಲ್ಲ.

ಭೂವಿಜ್ಞಾನಿಗಳಿಗೆ ಇನ್ನೊಂದು ಇಕ್ಕಟ್ಟಿತ್ತು. ಕೆಲವು ಕಲ್ಲುಗಳ ಕಾಂತತ್ವ ಇಂದಿನ ಭೂಕ್ಷೇತ್ರಕ್ಕೆ ಸರಿಯಾಗಿ ವಿರುದ್ಧವಾಗಿತ್ತು. ಒಂದೋ ಭೂಮಿಯ ಕಾಂತಕ್ಷೇತ್ರವೇ ಹಿಂದೆ ತಿರುವುಮುರುವಾಗಿದ್ದಿರಬೇಕು, ಇಲ್ಲವೇ ಕಲ್ಲು ತಾನಾಗಿ ತಿರುಗಿರಬೇಕು. ಅಮೆರಿಕದ ಭೂಭೌತವಿಜ್ಞಾನಿ ಜಾನ್ ಗ್ರಹಾಂ ಈ ಎರಡನೆಯದು ಸಾಧ್ಯವೇ ಎಂದು ನೆಯೆಲ್ ಅವರನ್ನೇ ಕೇಳಿದರು. 1951ರಲ್ಲಿ ನೆಯೆಲ್ ಅದಕ್ಕೆ ನಾಲ್ಕು ಬಗೆಯ ಕ್ರಮಗಳನ್ನು ವಿವರಿಸಿದರು. ತಣ್ಣಗಾಗುವಾಗ ಉಪಜಾಲಕಗಳ ಮೇಲುಗೈ ಅದಲುಬದಲಾಗುವುದು ಅವುಗಳಲ್ಲಿ ಒಂದು, ಒಂದು ಖನಿಜ ಮೊದಲು ಕಾಂತವಾಗಿ ಪಕ್ಕದ ಇನ್ನೊಂದನ್ನು ವಿರುದ್ಧ ದಿಕ್ಕಿಗೆ ತಿರುಗಿಸುವುದು ಮತ್ತೊಂದು. ಹೆಚ್ಚು ಕಾಲ ಹಿಡಿಯಲಿಲ್ಲ. ಜಪಾನಿನ ತಕೇಶಿ ನಗಾಟ ಮತ್ತು ಸಂಗಡಿಗರು ಹರುನ ಪರ್ವತದ ಡೇಸೈಟ್ ಕಲ್ಲನ್ನು ಪ್ರಯೋಗಾಲಯದಲ್ಲಿ ಕಾಯಿಸಿ ಆರಿಸಿದಾಗ ಅದು ನಿಜಕ್ಕೂ ಕ್ಷೇತ್ರಕ್ಕೆ ವಿರುದ್ಧವಾಗಿ ಕಾಂತವಾಯಿತು.

ಇದರಿಂದ ಭೂಕ್ಷೇತ್ರ ತಿರುವುಮುರುವಾಗಿತ್ತು ಎನ್ನುವವರ ವಾದಕ್ಕೆ ಹಿನ್ನಡೆಯಾಯಿತು. ನಿಜ, ಆದರೆ ಆ ಹಿನ್ನಡೆಯಿಂದಲೇ ಅವರ ಕೆಲಸ ಗಟ್ಟಿಯಾಯಿತು. ವಿರುದ್ಧ ಕಾಂತತ್ವದ ಕಲ್ಲು ಸಿಕ್ಕ ಮಾತ್ರಕ್ಕೆ ಏನನ್ನೂ ಹೇಳುವಂತಿರಲಿಲ್ಲ. ಕಲ್ಲು ತಾನಾಗಿ ತಿರುಗುವ ಜಾತಿಯದೇ ಎಂದು ಪರೀಕ್ಷಿಸಬೇಕಿತ್ತು, ದೂರದೂರದ ಖಂಡಗಳ ಒಂದೇ ವಯಸ್ಸಿನ ಕಲ್ಲುಗಳು ಒಂದೇ ದಿಕ್ಕು ಹೇಳುತ್ತವೆಯೇ ಎಂದು ನೋಡಬೇಕಿತ್ತು. ತಾನಾಗಿ ತಿರುಗುವ ಕಲ್ಲುಗಳು ತೀರ ವಿರಳ ಎಂದು ಕ್ರಮೇಣ ಸ್ಪಷ್ಟವಾಯಿತು. 1963ರಿಂದ ಅಮೆರಿಕದಲ್ಲಿ ಅಲನ್ ಕಾಕ್ಸ್, ರಿಚರ್ಡ್ ಡೋಯೆಲ್, ಬ್ರೆಂಟ್ ಡಾಲ್ರಿಂಪಲ್ ಅವರೂ ಆಸ್ಟ್ರೇಲಿಯಾದ ಸಂಶೋಧಕರೂ ಪೊಟ್ಯಾಸಿಯಂ ಮತ್ತು ಆರ್ಗಾನ್ ವಿಧಾನದಿಂದ ಲಾವಾ ಕಲ್ಲುಗಳ ವಯಸ್ಸು ಕಟ್ಟಿ, ಭೂಕಾಂತಕ್ಷೇತ್ರ ಯಾವ ಯಾವ ಕಾಲದಲ್ಲಿ ತಿರುಗಿತೆಂಬ ಪಟ್ಟಿಯನ್ನು ತಯಾರಿಸಿದರು. ಇಂದಿನ ಅಂದಾಜಿನ ಪ್ರಕಾರ ಕೊನೆಯ ಪೂರ್ಣ ತಿರುವು ಸುಮಾರು 7.8 ಲಕ್ಷ ವರ್ಷಗಳ ಹಿಂದಿನದು. ಅದೇ 1963ರಲ್ಲಿ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್, ಸಾಗರತಳದ ಪರ್ವತಸಾಲುಗಳ ಎರಡೂ ಪಕ್ಕದಲ್ಲಿ ಕಾಣುವ ಕಾಂತೀಯ ಪಟ್ಟೆಗಳು ಈ ತಿರುವುಗಳ ದಾಖಲೆಯೆಂದೂ, ಸಾಗರತಳ ನಡುವಿನಿಂದ ಹುಟ್ಟಿ ಎರಡೂ ಕಡೆಗೆ ಸರಿಯುತ್ತಿದೆಯೆಂದೂ ಸೂಚಿಸಿದರು. ಭೂಫಲಕಗಳ ಚಲನೆಯ ಸಿದ್ಧಾಂತ ನಿಂತದ್ದು ಈ ಓದಿನ ಮೇಲೆ. ಆ ಪಟ್ಟೆಗಳನ್ನು ಕೋಟ್ಯಂತರ ವರ್ಷಗಳಿಂದ ಹಿಡಿದಿಟ್ಟಿರುವುದು ಬಸಾಲ್ಟ್ ಕಲ್ಲಿನೊಳಗಿನ ಮ್ಯಾಗ್ನೆಟೈಟ್ ಬಳಗದ ಸೂಕ್ಷ್ಮ ಫೆರಿಮ್ಯಾಗ್ನೆಟಿಕ್ ಕಣಗಳು.